ಅಂಡಮಾನ್‌ಗೆ ಡೈವಿಂಗ್: ಮನೆಯಿಂದ ಒಯ್ಯುವುದು ಯಾವುದು, ಅಲ್ಲೇ ಬಾಡಿಗೆಗೆ ಪಡೆಯುವುದು ಯಾವುದು?

ಸೋಂದಾಹೊಳೆ:
ಜನವರಿ ಕೊನೆಗೆ ಶಿರಸಿ, ಕುಮಟಾದಿಂದ ನಾಲ್ಕು ಜನ ಸ್ವರಾಜ್ ದ್ವೀಪಕ್ಕೆ, ಅಂದರೆ ಹಳೆ ಹ್ಯಾವ್‌ಲಾಕ್‌ಗೆ ಹೊರಟಿದ್ದೇವೆ. ಎಲ್ಲರದ್ದೂ ಓಪನ್ ವಾಟರ್, ಅಂದರೆ ಡೈವಿಂಗ್‌ನ ಮೊದಲ ಕೋರ್ಸ್, ಮುಗಿದಿದೆ. ಐದು ದಿನ, ದಿನಕ್ಕೆ ಎರಡು ಡೈವ್. ಗೋವಾದಿಂದ ವಿಮಾನ, ಚೆಕ್-ಇನ್ 15 ಕೆಜಿ, ಕೈಚೀಲ 7 ಕೆಜಿ. ಯಾರ ಹತ್ತಿರವೂ ಸ್ವಂತ ಸಾಮಾನಿಲ್ಲ. ಅಲ್ಲಿನ ಡೈವ್ ಸೆಂಟರ್‌ನವರು ಎಲ್ಲ ಕೊಡ್ತಾರೆ. ಆದರೂ ಕೊಂಡೇ ಹೋಗಬೇಕಾದ್ದು ಎಂತ ಉಂಟು? ಒಬ್ಬರಿಗೆ ಕನ್ನಡಕ ಮೈನಸ್ 3, ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವ ಕನ್ನಡಕದ ಪವರ್) ಮೈನಸ್ 1. ಇನ್ನೊಬ್ಬರಿಗೆ ದಪ್ಪ ಮೀಸೆ.

ತದಡಿ_ದಕ್ಕೆ:
ಮಾಸ್ಕ್. ಬೇರೆ ಏನೂ ಕೊಳ್ಳದಿದ್ದರೂ ಇದೊಂದು ಸ್ವಂತದ್ದಿರಲಿ. ಬಾಡಿಗೆ ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್, ಸ್ವಲ್ಪ ದೊಡ್ಡದಾದರೆ ಬೆಲ್ಟ್ ಬಿಗಿದು ಹೊಂದಿಸಿಕೊಳ್ಳಬಹುದು. ಮುಖಕ್ಕೆ ಕೂರದ ಮಾಸ್ಕ್‌ಗೆ ಉಪಾಯವೇ ಇಲ್ಲ, ಡೈವ್ ಪೂರ್ತಿ ಮೂಗಿನಿಂದ ಊದಿ ನೀರು ತೆಗೆಯುತ್ತಾ ಗಾಳಿ ಖಾಲಿ ಮಾಡಿಕೊಳ್ಳುವುದೇ ಆಗ್ತದೆ.

ಅಂಗಡಿಯಲ್ಲಿ ನೋಡುವುದು ಹೀಗೆ. ಪಟ್ಟಿಯನ್ನು ಹಿಂದಕ್ಕೆ ಹಾಕಬೇಡಿ, ಮುಂಭಾಗಕ್ಕೆ ಮಡಚಿ. ಹಣೆಯ ಕೂದಲು ಸರಿಸಿ, ಮಾಸ್ಕನ್ನು ಮುಖಕ್ಕೆ ಒತ್ತದೆ ಸುಮ್ಮನೆ ಇಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಹಿಡಿಯಿರಿ. ಕೈ ಬಿಟ್ಟರೂ ಬೀಳಬಾರದು. ಇಷ್ಟನ್ನು ಎಲ್ಲರೂ ಮಾಡ್ತಾರೆ. ಇದೇ ಪರೀಕ್ಷೆಯನ್ನು ರೆಗ್ಯುಲೇಟರ್‌ನ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಮೌತ್‌ಪೀಸ್ ಅಥವಾ ಸ್ನಾರ್ಕೆಲ್ ಕೊಳವೆ ಬಾಯಲ್ಲಿ ಕಚ್ಚಿಕೊಂಡು ಇನ್ನೊಮ್ಮೆ ಮಾಡಬೇಕು, ಅದನ್ನು ಬಿಡುವವರೇ ಹೆಚ್ಚು. ಬಾಯಿ ತೆರೆದಾಗ ಮೇಲ್ದುಟಿ ಮತ್ತು ಕೆನ್ನೆಯ ಆಕಾರ ಬದಲಾಗ್ತದೆ, ಅಂಗಡಿಯಲ್ಲಿ ಅಂಟಿ ಕೂತದ್ದು ನೀರಲ್ಲಿ ಸೋರುವುದು ಅದಕ್ಕೇ. ಆಮೇಲೆ ಹೆಬ್ಬೆರಳು, ತೋರುಬೆರಳಿಂದ ಮೂಗು ಹಿಡಿಯಲು ಬರ್ತದಾ ನೋಡಿ. ಬರದಿದ್ದರೆ ಕಿವಿಯ ಒತ್ತಡ ಸರಿಮಾಡುವುದು ಕಷ್ಟ. ಗಾಜು ಟೆಂಪರ್ಡ್ ಆಗಿರಬೇಕು. ಒಳಗಿನ ಜಾಗ ಕಡಿಮೆ ಇರುವ ಮಾಸ್ಕ್ ಆದರೆ ನೀರು ತೆಗೆಯಲು ಒಂದೇ ಊದು ಸಾಕು.

ಸೋರಿದರೆ ಪಟ್ಟಿ ಬಿಗಿಯುವುದು ಎಲ್ಲರ ಅಭ್ಯಾಸ. ಬಿಗಿದಷ್ಟೂ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನೂ ಸೋರ್ತದೆ. ಪಟ್ಟಿ ತಲೆಯ ಹಿಂಬದಿಯ ಉಬ್ಬಿನ ಮೇಲೆ ಕೂರಲಿ, ಕಿವಿಗೆ ತಾಗದೆ ಮೇಲಿಂದ ಹೋಗಲಿ. ಮೀಸೆಯವರಿಗೆ: ಪೂರ್ತಿ ಬೋಳಿಸುವುದು ಬೇಡ. ಮೂಗಿನ ಕೆಳಗೆ ಮಾಸ್ಕ್‌ನ ಅಂಚು ಕೂರುವ ಅಗಲಕ್ಕೆ, ಅಂದಾಜು ಅರ್ಧ ಸೆಂಟಿಮೀಟರ್ ಪಟ್ಟಿಯಷ್ಟು ತೆಗೆದರೆ ಸಾಕು. ಉಳಿದ ಕಡೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬಹುದು.

ಗಜನಿ_ಗದ್ದೆ:
ಹೊಸ ಮಾಸ್ಕ್ ಹಾಗೆಯೇ ಒಯ್ದರೆ ಮೊದಲ ಡೈವ್ ಮಂಜಲ್ಲೇ ಹೋಗ್ತದೆ. ತಯಾರಾಗುವಾಗ ಗಾಜಿನ ಮೇಲೆ ಸಿಲಿಕೋನ್‌ನ ತೆಳು ಪದರ ಕೂತಿರ್ತದೆ, ಉಸಿರಿನ ತೇವ ಅದರ ಮೇಲೆ ಸಣ್ಣ ಹನಿಯಾಗಿ ನಿಲ್ತದೆ. ಬಿಳಿ ಟೂತ್‌ಪೇಸ್ಟ್ ತಗೊಳ್ಳಿ, ಜೆಲ್ ಬೇಡ, ಅದರಲ್ಲಿ ಉಜ್ಜುವ ಕಣ ಕಡಿಮೆ. ಗಾಜಿನ ಒಳಮೈಗೆ ಹಚ್ಚಿ ಬೆರಳಿಂದ ಎರಡು-ಮೂರು ನಿಮಿಷ ಉಜ್ಜಿ ತೊಳೆಯಿರಿ. ಇದನ್ನೇ ನಾಲ್ಕೈದು ಸಲ ಮಾಡಿ. ಬಾಯಿಂದ ಹಾ ಅಂತ ಊದಿದರೆ ಮಂಜು ಕೂಡಲೇ ಕರಗಬೇಕು, ಅಷ್ಟರವರೆಗೆ ಬಿಡಬೇಡಿ. ಲೈಟರ್ ಉರಿ ಹಿಡಿಯುವ ವಿಧಾನವೂ ಉಂಟು. ಬಣ್ಣದ ಲೇಪವಿರುವ ಗಾಜಿಗೆ, ಪ್ಲಾಸ್ಟಿಕ್ ಲೆನ್ಸ್‌ಗೆ ಅದು ಬೇಡವೇ ಬೇಡ. ಉರಿ ಸ್ವಲ್ಪ ಆಚೆ ಸರಿದರೆ ಅಂಚಿನ ಸಿಲಿಕೋನ್ ಹೋಯಿತು. ನನ್ನ ಮತ ಟೂತ್‌ಪೇಸ್ಟ್‌ಗೇ.

ಪ್ರತಿ ಡೈವ್‌ಗೆ ಮುಂಚೆ ಮಕ್ಕಳ ಶಾಂಪೂ ನೀರಲ್ಲಿ ಕದಡಿ ಒಂದು ಹನಿ ಸವರಿ, ಒಮ್ಮೆ ಮಾತ್ರ ತೊಳೆಯಿರಿ. ಮುಖಕ್ಕೆ ಸನ್‌ಸ್ಕ್ರೀನ್ ದಪ್ಪಗೆ ಬಳಿದುಕೊಂಡು ಮಾಸ್ಕ್ ಹಾಕಿದರೆ ಮಂಜೂ ಬರ್ತದೆ, ಅಂಚೂ ಜಾರ್ತದೆ.

ಕನ್ನಡಕದವರ ಲೆಕ್ಕ: ಸಿದ್ಧ ಪವರ್ ಲೆನ್ಸ್ ಕೂರಿಸುವ ಎರಡು ಗಾಜಿನ ಮಾಸ್ಕ್ ಸಿಗ್ತದೆ, ಸಾಮಾನ್ಯವಾಗಿ ಅರ್ಧ ಅರ್ಧ ಪವರ್ ಅಂತರದಲ್ಲಿ. ಸಿದ್ಧ ಲೆನ್ಸ್‌ನಲ್ಲಿ ಸಿಲಿಂಡರ್ ಪವರ್ ಇರುವುದಿಲ್ಲ. ಅದರ ಅರ್ಧವನ್ನು ಮುಖ್ಯ ಪವರ್‌ಗೆ ಸೇರಿಸಿಕೊಳ್ಳಬೇಕು. ಮೈನಸ್ 3ಕ್ಕೆ ಮೈನಸ್ 1ರ ಅರ್ಧ ಸೇರಿಸಿದರೆ ಮೈನಸ್ 3.5. ನೀರಲ್ಲಿ ವಸ್ತು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣ್ತದೆ, ಹಾಗಾಗಿ ಎರಡು ಪವರ್ ನಡುವೆ ಬಂದರೆ ಕಡಿಮೆಯದ್ದನ್ನೇ ಆರಿಸಿ. ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯಬಹುದು, ಆದರೆ ಮಾಸ್ಕ್ ತೆಗೆಯುವ ಅಭ್ಯಾಸ ಮಾಡುವಾಗ ಕಣ್ಣು ಮುಚ್ಚಿರಬೇಕು, ಬಿಡಿ ಜೋಡಿಯೂ ಚೀಲದಲ್ಲಿರಬೇಕು.

ಕಾಳಿಸಂಗಮ:
ಮಾಸ್ಕ್ ಬಗ್ಗೆ ಎರಡು ಮಾತಿಲ್ಲ. ಎರಡನೆಯದಾಗಿ ಹೆಚ್ಚಿನವರು ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಅಂತಾರೆ, ನಾನು ಆಳ, ಸಮಯದ ಲೆಕ್ಕ ಇಟ್ಟು ಇನ್ನೆಷ್ಟು ಹೊತ್ತು ಇರಬಹುದು ಅಂತ ತೋರಿಸುವ ಡೈವ್ ಕಂಪ್ಯೂಟರ್ ಅಂತೇನೆ. ಐದು ದಿನ, ಹತ್ತು ಡೈವ್. ಆಳದಲ್ಲಿ ಮೈಯಲ್ಲಿ ಕರಗಿ ಉಳಿಯುವ, ಒತ್ತಡ ಬೇಗ ಇಳಿದರೆ ಗುಳ್ಳೆಯಾಗಿ ತೊಂದರೆ ಕೊಡುವ ಸಾರಜನಕದ ಲೆಕ್ಕ ದಿನದಿಂದ ದಿನಕ್ಕೆ ಮುಂದುವರಿಯುತ್ತದೆ. ಬಾಡಿಗೆ ಕಂಪ್ಯೂಟರ್ ಇವತ್ತೊಂದು, ನಾಳೆ ಇನ್ನೊಂದು ಕೈಗೆ ಬಂದರೆ ನಿಮ್ಮ ಲೆಕ್ಕ ಅದರಲ್ಲಿರುವುದಿಲ್ಲ, ಬೇರೆಯವರದ್ದಿರುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಹಿಂದಿನವರು ನೈಟ್ರಾಕ್ಸ್‌ಗೆ, ಅಂದರೆ 32 ಶೇಕಡಾ ಆಮ್ಲಜನಕಕ್ಕೆ ಹೊಂದಿಸಿ ಹಾಗೇ ಬಿಟ್ಟಿರಬಹುದು. ನೀವು ಉಸಿರಾಡುವುದು 21 ಶೇಕಡಾದ ಸಾದಾ ಗಾಳಿ. ಕಂಪ್ಯೂಟರ್ ಇದ್ದದ್ದಕ್ಕಿಂತ ಹೆಚ್ಚು ಸಮಯ ತೋರಿಸುತ್ತದೆ, ನೀವು ನಂಬಿ ಕೆಳಗೇ ಇರುತ್ತೀರಿ. ಬಾಡಿಗೆಯದ್ದೇ ತಗೊಂಡರೆ ಐದೂ ದಿನ ಅದೊಂದೇ ಬೇಕು ಅಂತ ಮೊದಲೇ ಹೇಳಿಟ್ಟುಕೊಳ್ಳಿ, ದೋಣಿ ಹತ್ತುವ ಮುಂಚೆ ಗಾಳಿಯ ಸೆಟ್ಟಿಂಗ್, ಮೀಟರ್-ಅಡಿ ಎರಡನ್ನೂ ತೆರೆದು ನೋಡಿ. ಜೋಡಿಗೊಂದು ಕಂಪ್ಯೂಟರ್ ಸಾಲುವುದಿಲ್ಲ. ಒಬ್ಬರು ಎರಡು ಮೀಟರ್ ಕೆಳಗಿದ್ದರೆ ಲೆಕ್ಕವೇ ಬೇರೆ.

ಕೊಳ್ಳುವವರು ಮೂಲ ಮಾದರಿಯದ್ದೇ ಕೊಳ್ಳಿ: ದೊಡ್ಡ ಅಂಕಿ, ಮನೆಯಲ್ಲೇ ಬದಲಿಸಬಹುದಾದ ಬ್ಯಾಟರಿ. ಹಲವದರಲ್ಲಿ ಸಿಆರ್ 2032 ಅಥವಾ ಸಿಆರ್ 2450 ಇರುತ್ತದೆ. ಬ್ಯಾಟರಿ ಜೊತೆ ಅದರ ಮುಚ್ಚಳದ ಓ-ರಿಂಗನ್ನೂ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬದಲಿಸಬೇಕು. ಹಳೆ ರಿಂಗ್ ಮೇಲೆ ಒಂದು ಕೂದಲೆಳೆ ಕೂತರೂ ಒಳಗೆ ಉಪ್ಪುನೀರು ಹೋಗುತ್ತದೆ.

ಮುರ್ಡೇಶ್ವರ_ಅಲೆ:
ಫಿನ್ ವಿಷಯ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ದೋಣಿಯಿಂದ ಬೀಳುವುದು, ಏಣಿ ಹತ್ತಿ ಬರುವುದು, ಅಷ್ಟಕ್ಕೆ ಪೂರ್ತಿ ಪಾದದ ಫಿನ್ ಸಾಕು. ಹಗುರ, ಜೋಡಿಗೆ ಎರಡು ಕೆಜಿ ಒಳಗೇ ಸಿಗ್ತದೆ, ಬೂಟ್ ಬೇಡ. ಹ್ಯಾವ್‌ಲಾಕ್‌ನಲ್ಲೂ ಹೆಚ್ಚು ಡೈವ್ ದೋಣಿಯಿಂದಲೇ. ಆದ್ದರಿಂದ ಪೂರ್ತಿ ಪಾದದ್ದು ತಗೊಂಡು, ಉಜ್ಜಿ ಗುಳ್ಳೆ ಬರದ ಹಾಗೆ ತೆಳು ಲೈಕ್ರಾ ಕಾಲುಚೀಲ ಹಾಕಿಕೊಳ್ಳಿ.

ಕಾಳಿಸಂಗಮ:
ಅಲ್ಲಿ ನೆಮೊ ರೀಫ್‌ಗೆ ದಡದಿಂದಲೇ ನಡೆದು ಇಳಿಯುತ್ತಾರಲ್ಲ. ಇಳಿತದ ಹೊತ್ತಲ್ಲಿ ಸತ್ತ ಹವಳದ ಚೂರಿನ ಮೇಲೆ ನಡೆಯಬೇಕು, ಬರಿಗಾಲಲ್ಲಿ ಆಗುವುದಿಲ್ಲ. ಹವಳ ಕೊಯ್ದ ಗಾಯ ಉಷ್ಣವಲಯದ ನೀರಲ್ಲಿ ಬೇಗ ಕೀವು ಕಟ್ಟುತ್ತದೆ, ಉಳಿದ ಡೈವ್‌ಗಳೂ ಹೋದವು. 3 ಮಿಲಿಮೀಟರ್ ಬೂಟ್, ಹಿಂದೆ ಪಟ್ಟಿ ಇರುವ ಫಿನ್ ನನ್ನ ಆಯ್ಕೆ. ಭಾರ ಒಂದು ಕೆಜಿಯಷ್ಟು ಹೆಚ್ಚು, ನಿಜ. ಪಟ್ಟಿ ರಬ್ಬರ್‌ದಾದರೆ ಬಿಡಿ ಪಟ್ಟಿಯೂ ಬೇಕು, ಸ್ಪ್ರಿಂಗ್ ಪಟ್ಟಿಯಾದರೆ ಬೇಡ.

ಮುರ್ಡೇಶ್ವರ_ಅಲೆ:
ದಡದ ಡೈವ್ ನಿಮ್ಮ ಯೋಜನೆಯಲ್ಲಿದ್ದರೆ ಬೂಟ್ ಸರಿ, ಒಪ್ಪಿದೆ. ಆದರೆ ಬೂಟ್ ಹಾಕಿಕೊಂಡೇ ಫಿನ್ ಅಳತೆ ನೋಡಬೇಕು, ಬರಿಗಾಲಿಗೆ ನೋಡಿ ತರಿಸಿದರೆ ಒಳಗೆ ಹೋಗುವುದಿಲ್ಲ. 15 ಕೆಜಿಯಲ್ಲಿ ಜಾಗ ಸಾಲದಿದ್ದರೆ ನಾನು ಮೊದಲು ಬಿಡುವುದು ಫಿನ್ನನ್ನೇ. ಬೂಟ್ ಸ್ವಂತದ್ದಿದ್ದರೆ ಬಾಡಿಗೆಯ ಪಟ್ಟಿ ಫಿನ್ ಯಾವುದಾದರೂ ಹೊಂದಿಕೊಳ್ತದೆ.

ನೀರುಕಾಗೆ:
ವೆಟ್‌ಸೂಟ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕರಾವಳಿಯವರಿಗೆ 27-28 ಡಿಗ್ರಿ ನೀರು ಬೆಚ್ಚಗೇ ಅನಿಸ್ತದೆ, ಮೊದಲ ಡೈವ್‌ನಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೀತದೆ. 50 ನಿಮಿಷದ ಡೈವ್, ಒಂದು ತಾಸು ಒದ್ದೆ ಮೈಯಲ್ಲಿ ದೋಣಿಯ ಗಾಳಿ, ಮತ್ತೆ 50 ನಿಮಿಷ. ಮೂರನೇ ದಿನಕ್ಕೆ ನಡುಗಿದವರು ಗಾಳಿ ಬೇಗ ಖಾಲಿ ಮಾಡ್ತಾರೆ. 3 ಮಿಲಿಮೀಟರ್‌ನ ಪೂರ್ತಿ ಕೈ-ಕಾಲಿನ ಸೂಟ್ ಸರಿಯಾದ ಅಳತೆ. ತುಂಡು ಸೂಟ್‌ನಲ್ಲಿ ಮೊಣಕಾಲು, ಮುಂಗೈ ತೆರೆದಿರ್ತವೆ, ಜೆಲ್ಲಿಫಿಶ್ ಎಳೆಯಾಗಲಿ, ಹೈಡ್ರಾಯ್ಡ್ ಎಂಬ ಚುಚ್ಚುವ ಕಡಲಜೀವಿ ಆಗಲಿ ತಾಗುವುದು ಅಲ್ಲೇ.

ಬಾಡಿಗೆ ಸೂಟ್ ತೊಂದರೆ ದಪ್ಪದಲ್ಲಲ್ಲ, ಕುತ್ತಿಗೆಯಲ್ಲಿ. ನೂರಾರು ಜನ ಎಳೆದು ಹಾಕಿ ಕೊರಳು ಸಡಿಲವಾಗಿರ್ತದೆ, ತಿರುಗಿದಾಗಲೆಲ್ಲ ಬೆನ್ನ ಮೇಲೆ ಹೊಸ ನೀರು ಹರೀತದೆ. ಸ್ವಂತ ಸೂಟ್ ಒಂದೂಕಾಲು ಕೆಜಿ ಆಸುಪಾಸು. ಅದು ಬೇಡ ಅಂದರೂ ಉದ್ದ ತೋಳಿನ ರ್‍ಯಾಶ್‌ಗಾರ್ಡ್, ಲೆಗ್ಗಿಂಗ್ ಒಯ್ಯಿರಿ. ಬಾಡಿಗೆ ಸೂಟ್ ಒಳಗೆ ಹಾಕಬಹುದು, ಮೈ ತರಚುವುದಿಲ್ಲ, ದೋಣಿಯಲ್ಲಿ ಬಿಸಿಲಿಗೂ ಆಯಿತು. ಬಟ್ಟೆ ಮುಚ್ಚಿದ ಕಡೆ ಸನ್‌ಸ್ಕ್ರೀನ್ ಬೇಡ, ಹವಳಕ್ಕೂ ಒಳ್ಳೆಯದು. ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಪಲಾವು ದೇಶ 2020ರಲ್ಲಿ, ಹವಾಯಿ 2021ರಲ್ಲಿ ನಿಷೇಧಿಸಿವೆ.

ಒದ್ದೆ ಸೂಟ್ ಕಾಲಿಗೆ ಏರದಿದ್ದರೆ ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ತೂರಿಸಿ, ಸರ್ರನೆ ಹೋಗ್ತದೆ. ಉಗುರಿಂದ ಎಳೀಬೇಡಿ, ಸೂಟ್‌ನ ನಿಯೋಪ್ರೀನ್ ರಬ್ಬರ್ ಅರ್ಧಚಂದ್ರದ ಹಾಗೆ ಹರೀತದೆ.

ಸೋಂದಾಹೊಳೆ:
ತುಂಬ ಉಪಕಾರ. ರೆಗ್ಯುಲೇಟರ್, ಬಿಸಿಡಿ? ಇನ್ನೊಬ್ಬರು ಬಾಯಿ ಹಾಕಿದ್ದನ್ನು ಕಚ್ಚಲು ನಮ್ಮಲ್ಲೊಬ್ಬರು ಒಪ್ಪುತ್ತಿಲ್ಲ.

ತದಡಿ_ದಕ್ಕೆ:
ಅವರಿಗೆ ಸ್ವಂತ ಮೌತ್‌ಪೀಸ್ ಒಂದು ಸಾಕು. 50 ಗ್ರಾಮೂ ಇಲ್ಲ. ಹಳೆಯದರ ಜಿಪ್ ಟೈ ಕತ್ತರಿಸಿ ತೆಗೆದು, ಹೊಸದು ಕೂರಿಸಿ, ಹೊಸ ಜಿಪ್ ಟೈ ಬಿಗಿದು ಬಾಲ ಕತ್ತರಿಸುವುದು. ಸಡಿಲ ಟೈ ಕಟ್ಟಿದರೆ ನೀರೊಳಗೆ ಬಾಯಲ್ಲಿ ಮೌತ್‌ಪೀಸ್ ಉಳಿದು ರೆಗ್ಯುಲೇಟರ್ ಕಳಚಿ ಬೀಳ್ತದೆ. ಸೆಂಟರ್‌ನವರ ಎದುರೇ, ಅವರಿಗೆ ಹೇಳಿಯೇ ಮಾಡಿ.

ಪೂರ್ತಿ ರೆಗ್ಯುಲೇಟರ್ ಸೆಟ್ ಎರಡೂವರೆಯಿಂದ ಮೂರು ಕೆಜಿ. ವರ್ಷಕ್ಕೆ ಹತ್ತು ಡೈವ್ ಮಾಡುವವರಿಗೆ ಕೊಳ್ಳಬೇಡಿ ಅಂತಲೇ ಹೇಳ್ತೇನೆ. ಬಳಸಿದರೂ ಬಿಟ್ಟರೂ ತಯಾರಕರು ಹೇಳಿದ ಅವಧಿಗೆ, ಒಂದೋ ಎರಡೋ ವರ್ಷಕ್ಕೊಮ್ಮೆ, ಸರ್ವಿಸ್ ಆಗಬೇಕು. ಆ ಮಾದರಿಯ ಕಿಟ್ ಎಲ್ಲಿ ಸಿಗ್ತದೆ, ಯಾರು ಬಿಚ್ಚಿ ಜೋಡಿಸ್ತಾರೆ ಅಂತ ಗೊತ್ತಾಗದೆ ದುಡ್ಡು ಹಾಕಬೇಡಿ.

ಬಾಡಿಗೆಯದ್ದು ಕೈಗೆ ಬಂದಾಗ ನೋಡಬೇಕಾದ್ದು: ಫಸ್ಟ್ ಸ್ಟೇಜ್, ಅಂದರೆ ಸಿಲಿಂಡರ್‌ಗೆ ಜೋಡಿಸುವ ಭಾಗದ, ಬಾಯಲ್ಲಿರುವ ಸಣ್ಣ ಲೋಹದ ಫಿಲ್ಟರ್. ಹಸಿರು ಬಣ್ಣ ಇದ್ದರೆ ಒಳಗೆ ಉಪ್ಪುನೀರು ಹೋಗಿದೆ. ಬೂದು ಬಿಳಿ ಪುಡಿ ಇದ್ದರೆ ಅಲ್ಯೂಮಿನಿಯಂ ಸಿಲಿಂಡರ್ ಒಳಗಿನ ತುಕ್ಕು. ಹೋಸ್ ಮತ್ತು ಲೋಹ ಸೇರುವ ಕಡೆ ಬಗ್ಗಿಸಿ ಬಿರುಕು ನೋಡಿ, ರಬ್ಬರ್ ಕವಚ ಇದ್ದರೆ ಹಿಂದಕ್ಕೆ ಸರಿಸಿ ನೋಡಿ. ಸಿಲಿಂಡರ್‌ಗೆ ಜೋಡಿಸುವ ಮುಂಚೆ ಡಸ್ಟ್ ಕ್ಯಾಪ್ ಹಾಕಿ ಬಾಯಿಂದ ಉಸಿರೆಳೆಯಿರಿ, ಗಾಳಿ ಬರಬಾರದು. ಬಂದರೆ ಡಯಾಫ್ರಮ್‌ನಲ್ಲೋ ನಿಶ್ವಾಸದ ಕವಾಟದಲ್ಲೋ ತೂತು ಉಂಟು, ನೀರಲ್ಲಿ ಅಲ್ಲಿಂದಲೇ ನೀರು ಬರ್ತದೆ. ಜೋಡಿಸಿ ಕವಾಟ ತೆರೆದ ಮೇಲೆ ಗಾಳಿಯ ಮೀಟರ್ ನೋಡುತ್ತಾ ನಾಲ್ಕು ಉಸಿರು ಜೋರಾಗಿ ಎಳೆಯಿರಿ. ಮುಳ್ಳು ಪ್ರತಿ ಉಸಿರಿಗೂ ಕುಣಿದರೆ ಕವಾಟ ಪೂರ್ತಿ ತೆರೆದಿಲ್ಲ. ದೋಣಿಯಲ್ಲಿ ಆಗುವ ತಪ್ಪುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದು, ಯಾಕೆಂದರೆ ಮೇಲಿದ್ದಾಗ ಉಸಿರು ಸಲೀಸಾಗಿ ಬರ್ತದೆ, 15 ಮೀಟರ್ ಕೆಳಗೆ ಬರುವುದಿಲ್ಲ.

ಬಿಸಿಡಿ ಮೂರು-ನಾಲ್ಕು ಕೆಜಿ, ಬಾಡಿಗೆಯದ್ದೇ ಸಾಕು. ಊದಿ ಹತ್ತು ನಿಮಿಷ ಬಿಟ್ಟು ಮೆತ್ತಗಾಗ್ತದಾ ನೋಡಿ. ಊದುವ ಗುಂಡಿ ಒತ್ತಿ ಬಿಟ್ಟಾಗ ಕೂಡಲೇ ವಾಪಸ್ ಬರಬೇಕು, ಉಪ್ಪು ಕಟ್ಟಿ ಸಿಕ್ಕಿಕೊಂಡರೆ ಬಿಸಿಡಿ ತಾನೇ ಉಬ್ಬಿ ನಿಮ್ಮನ್ನು ಮೇಲಕ್ಕೆ ಎತ್ತಿಕೊಂಡು ಹೋಗ್ತದೆ. ಸಿಲಿಂಡರ್, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಎರಡೂ ಒಯ್ಯುವ ಮಾತೇ ಇಲ್ಲ.

ಗಜನಿ_ಗದ್ದೆ:
ಯಾರಾದರೂ ಸ್ವಂತ ರೆಗ್ಯುಲೇಟರ್ ಒಯ್ಯುವುದಾದರೆ ಅದು ಸಿಲಿಂಡರ್ ಕವಾಟದೊಳಗೆ ತಿರುಗಿಸಿ ಕೂರಿಸುವ ಡಿನ್ನೋ, ಕವಾಟದ ಸುತ್ತ ಹಿಡಿದು ಬಿಗಿಯುವ ಯೋಕೋ ನೋಡಿಕೊಳ್ಳಿ. ಯೋಕ್ ಕವಾಟದ ಸಿಲಿಂಡರ್‌ಗೆ ಡಿನ್ ರೆಗ್ಯುಲೇಟರ್ ಹಾಕಲು ಅಡಾಪ್ಟರ್ ಬೇಕು. ಓ-ರಿಂಗ್: ಯೋಕ್ ಸಿಲಿಂಡರ್ ಕವಾಟದ್ದು 014 ಅಳತೆ, ಡಿನ್ ರೆಗ್ಯುಲೇಟರ್‌ದು 112. ಐದೈದು ಇಟ್ಟುಕೊಂಡರೆ ಬೆಂಕಿಪೆಟ್ಟಿಗೆಯಲ್ಲಿ ಹಿಡೀತವೆ. ಗಾಳಿ ಸುಯ್ ಅಂತ ಸೋರಿ ಒಬ್ಬರ ಡೈವ್ ತಪ್ಪುವುದು ಹೆಚ್ಚಾಗಿ ಈ ರಿಂಗ್‌ನಿಂದಲೇ.

ಸೀಸದ ಲೆಕ್ಕವನ್ನಾದರೂ ಬರೆದುಕೊಂಡು ಹೋಗಿ. ಸಿಹಿನೀರಿನ ಈಜುಕೊಳದ ಅಂಕಿ ಸಮುದ್ರಕ್ಕೆ ನಡೆಯುವುದಿಲ್ಲ. ಕಡಲ ನೀರು ಸುಮಾರು 2.5 ಶೇಕಡಾ ಹೆಚ್ಚು ಸಾಂದ್ರ. ಮೈ ಮತ್ತು ಸಾಮಾನು ಸೇರಿ 95 ಕೆಜಿ ಇದ್ದರೆ ಸರಿಸುಮಾರು 2.4 ಕೆಜಿ ಹೆಚ್ಚು ಸೀಸ ಬೇಕು. ಅಲ್ಲಿ ಸಿಗುವ ಸಾಮಾನ್ಯ ಸಿಲಿಂಡರ್ 11.1 ಲೀಟರ್‌ನ ಅಲ್ಯೂಮಿನಿಯಂದು. ಸಿಲಿಂಡರ್ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿದರೆ 1665 ಲೀಟರ್ ಗಾಳಿ ಖರ್ಚು, ಲೀಟರ್‌ಗೆ 1.2 ಗ್ರಾಂ ಹಿಡಿದರೆ ಎರಡು ಕೆಜಿ. ಡೈವ್ ಶುರುವಿನಲ್ಲಿ ಸರಿಯಾಗಿ ತೂಗಿಕೊಂಡವರು ಕೊನೆಗೆ ಎರಡು ಕೆಜಿ ಹಗುರ. ಮೇಲೆ ಬರುವ ಮುಂಚೆ ಸುರಕ್ಷತೆಗಾಗಿ 5 ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಬೇಕಾದ ಹೊತ್ತಿಗೆ ಮೇಲೆ ತೇಲಿಬಿಡ್ತಾರೆ. ಅದಕ್ಕೆ ತೂಕವನ್ನು ಮೊದಲ ಡೈವ್‌ನ ಕೊನೆಗೆ, 50 ಬಾರ್ ಇರುವಾಗ, ಬಿಸಿಡಿ ಖಾಲಿ ಮಾಡಿ 5 ಮೀಟರ್‌ನಲ್ಲಿ ನಿಂತು ಸರಿಮಾಡಿಕೊಳ್ಳಿ. ಆ ಅಂಕಿ, ಸೂಟ್‌ನ ದಪ್ಪ, ಸಿಲಿಂಡರ್ ಬಗೆ ಮೂರನ್ನೂ ಲಾಗ್‌ಬುಕ್‌ನಲ್ಲಿ ಬರೆದಿಡಿ.

ಮುರ್ಡೇಶ್ವರ_ಅಲೆ:
ಚಿಕ್ಕ ಸಾಮಾನಿನಲ್ಲಿ ಬಿಡಬಾರದ್ದು ಸುರಕ್ಷಾ ಬಲೂನ್, ಅಂದರೆ ಎಸ್‌ಎಂಬಿ. ಕಿತ್ತಳೆ ಬಣ್ಣ, ಕನಿಷ್ಠ 1.2 ಮೀಟರ್ ಉದ್ದ, 30 ಮೀಟರ್ ದಾರದ ಸ್ಪೂಲ್. ಗೈಡ್ ಹತ್ತಿರ ಒಂದಿದ್ದರೆ ಸಾಕು ಅನ್ನುವುದು ಸರಿಯಲ್ಲ. ಸೆಳೆತದಲ್ಲಿ ಗುಂಪು ಚದುರಿದರೆ ಅಲೆಗಳ ನಡುವೆ ಬರೀ ತಲೆ ದೋಣಿಯವರಿಗೆ ಕಾಣುವುದಿಲ್ಲ. ನೀರೊಳಗಿಂದ ಬಿಡುವಾಗ ಸ್ಪೂಲನ್ನು ಬಿಸಿಡಿಗೆ ಸಿಕ್ಕಿಸಿಕೊಳ್ಳಬೇಡಿ, ದಾರ ಸಿಕ್ಕಿದರೆ ಬಲೂನ್ ಜೊತೆ ನೀವೂ ಮೇಲೆ. 10 ಮೀಟರ್‌ನಲ್ಲಿ ಅರ್ಧ ತುಂಬಿಸಿದರೆ ಮೇಲೆ ಹೋಗುವಷ್ಟರಲ್ಲಿ ಪೂರ್ತಿ ಉಬ್ಬಿರ್ತದೆ, ಒತ್ತಡ ಅರ್ಧಕ್ಕಿಳಿಯುವುದರಿಂದ. ಜೊತೆಗೆ ಒಂದು ಸೀಟಿ.

ಚಾಕುವಿನ ಬದಲು ಸಣ್ಣ ದಾರ ಕತ್ತರಿಸುವ ಕಟರ್ ಒಳ್ಳೆಯದು. ತಂಗೂಸಿ ದಾರ, ಬಲೆಯ ತುಂಡಿಗೆ ಚಾಕು ಜಾರ್ತದೆ, ಕಟರ್ ಜಾರುವುದಿಲ್ಲ. ಯಾವುದಾದರೂ ಸರಿ, ಚೆಕ್-ಇನ್ ಚೀಲಕ್ಕೇ ಹಾಕಿ. ಟಾರ್ಚ್‌ನ ಲಿಥಿಯಂ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಇದಕ್ಕೆ ತಿರುಗಮುರುಗ, ಅವು ಕೈಚೀಲದಲ್ಲೇ ಇರಬೇಕು. ಟಾರ್ಚ್ ಒಳಗಿನ ಬ್ಯಾಟರಿ ತೆಗೆದು ತುದಿಗೆ ಟೇಪ್ ಹಚ್ಚಿ, ಚೀಲದಲ್ಲಿ ತಾನಾಗಿ ಹೊತ್ತಿಕೊಂಡರೆ ಡೈವ್ ಟಾರ್ಚ್ ಹೊರಗೆ ಗಾಳಿಯಲ್ಲಿ ತುಂಬ ಕಾಯ್ತದೆ. ಮಾಸ್ಕ್, ಕಂಪ್ಯೂಟರ್, ಪವರ್ ಲೆನ್ಸ್ ಕೈಚೀಲಕ್ಕೆ. ಚೆಕ್-ಇನ್ ಚೀಲ ಒಂದು ದಿನ ತಡವಾಗಿ ಬಂದರೂ ಬಾಡಿಗೆ ಸಾಮಾನಲ್ಲಿ ಡೈವ್ ನಡೀತದೆ, ಇವು ಮೂರು ಇಲ್ಲದಿದ್ದರೆ ಕಷ್ಟ.

ನೀರುಕಾಗೆ:
ವೈದ್ಯಕೀಯ ಪ್ರಶ್ನಾವಳಿಯನ್ನು ಸೆಂಟರ್‌ನಿಂದ ಈಗಲೇ ತರಿಸಿಕೊಳ್ಳಿ. ಅಸ್ತಮಾ, ಕಿವಿ ಶಸ್ತ್ರಚಿಕಿತ್ಸೆ, ಬಿಪಿ ಮಾತ್ರೆ ಅಂಥದ್ದಕ್ಕೆ ಹೌದು ಅಂತ ಬಂದರೆ ವೈದ್ಯರ ಸಹಿ ಬೇಕು. ಶಿರಸಿಯಲ್ಲೇ, ನಿಮ್ಮನ್ನು ಬಲ್ಲ ವೈದ್ಯರ ಹತ್ತಿರ ಮಾಡಿಸಿ. ದೋಣಿ ವಾಂತಿಗೆ ಅವೊಮಿನ್ ಥರದ್ದು ತಗೊಳ್ಳುವವರು ಮನೆಯಲ್ಲಿ ಒಮ್ಮೆ ತಗೊಂಡು ಎಷ್ಟು ತೂಕಡಿಕೆ ಬರ್ತದೆ ನೋಡಿ, ವೈದ್ಯರನ್ನೂ ಕೇಳಿ. ನೆಗಡಿ ಇದ್ದ ದಿನ ಇಳಿಯಬಾರದು, ಮಾತ್ರೆ ನುಂಗಿಯೂ ಬೇಡ. ಅದರ ಪರಿಣಾಮ ಕೆಳಗೆ ಇಳಿದುಹೋದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ತದೆ.

ಕೊನೆ ಡೈವ್ ಮತ್ತು ವಿಮಾನದ ನಡುವೆ, ಹಲವು ದಿನ ಡೈವ್ ಮಾಡಿದವರಿಗೆ ಡೈವರ್‌ಗಳ ಸುರಕ್ಷತೆಯ ಡ್ಯಾನ್ ಸಂಸ್ಥೆ ಹೇಳುವುದು ಕನಿಷ್ಠ 18 ಗಂಟೆ. 24 ಇಟ್ಟುಕೊಳ್ಳಿ. ಆ ಕೊನೆಯ ದಿನ ಸಾಮಾನು ಒಣಗಿಸಲೂ ಆಯಿತು, ಒದ್ದೆ ಸೂಟ್ ಮತ್ತು ಬೂಟ್ ಒಂದೆರಡು ಕೆಜಿ ಸಲೀಸಾಗಿ ಹೆಚ್ಚು ತೂಗ್ತವೆ.

ಸೋಂದಾಹೊಳೆ:
ಹೊರಡುವ ಮುಂಚೆ ನೇತ್ರಾಣಿಯಲ್ಲಿ ಒಂದು ಸಲ ಹೊಸ ಸಾಮಾನು ಹಾಕಿ ನೋಡಬೇಕು ಅಂತ ಇದ್ದೇವೆ. ಅದೇ ದಿನ ಶಿರಸಿಗೆ ವಾಪಸ್.

ಕಾಳಿಸಂಗಮ:
ನೋಡಲೇಬೇಕು. ಆದರೆ ಅದೇ ದಿನ ಘಟ್ಟ ಹತ್ತುವುದನ್ನು ಕೈಬಿಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ಡ್ಯಾನ್‌ನ ವಿಮಾನ ನಿಯಮ ಅನ್ವಯಿಸುವುದು 2000 ಅಡಿ, ಅಂದರೆ 610 ಮೀಟರ್‌ನಿಂದ. ಶಿರಸಿ ಅದರ ಹೊಸ್ತಿಲಲ್ಲೇ ಇದೆ. ಸಮುದ್ರಮಟ್ಟಕ್ಕಿಂತ ಗಾಳಿಯ ಒತ್ತಡ ಅಲ್ಲಿ ಹತ್ತಿರ ಹತ್ತಿರ 7 ಶೇಕಡಾ ಕಡಿಮೆ, ಮೈಯಲ್ಲಿ ಕರಗಿದ ಸಾರಜನಕಕ್ಕೆ ವಿಮಾನವೂ ಘಟ್ಟವೂ ಒಂದೇ. ಎರಡು ಡೈವ್ ಮುಗಿಸಿ ಮಧ್ಯಾಹ್ನ ಮುರ್ಡೇಶ್ವರಕ್ಕೆ ಬಂದವರು ರಾತ್ರಿ ಕುಮಟಾದವರ ಮನೆಯಲ್ಲೇ ಉಳಿದು, ಬೆಳಿಗ್ಗೆ ದೇವಿಮನೆ ಘಟ್ಟ ಹತ್ತಿ. ಶಿರಸಿಯಿಂದ ಬೆಳಿಗ್ಗೆ ಇಳಿದು ಬಂದು ಡೈವ್ ಮಾಡಲು ಏನೂ ಅಡ್ಡಿಯಿಲ್ಲ.

ಮುರ್ಡೇಶ್ವರ_ಅಲೆ:
ದಿನ ಡಿಸೆಂಬರ್‌ನಲ್ಲೇ ಹಿಡಿಯಿರಿ, ಕೊನೆ ವಾರದ ರಜೆಯ ಜನಸಂದಣಿಗೆ ಮುಂಚೆ. ಮಾಸ್ಕ್ ಸೋರಿದರೆ ಬದಲಿಸಿ ತರಿಸಲು ಒಂದು ತಿಂಗಳು ಸಿಗ್ತದೆ. ಅಲ್ಲೇ ಎಸ್‌ಎಂಬಿ ಒಬ್ಬೊಬ್ಬರೂ ಒಮ್ಮೆ 5 ಮೀಟರ್‌ನಿಂದ ಬಿಟ್ಟು ನೋಡಿ, ಗೈಡ್‌ಗೆ ಮೊದಲೇ ಹೇಳಿರಿ. ಬಂದ ಮೇಲೆ ಸಿಹಿನೀರಲ್ಲಿ ನೆನೆಸುವಾಗ ಬಾಡಿಗೆಯದ್ದಾದರೂ ಸರಿ, ರೆಗ್ಯುಲೇಟರ್‌ನ ಮುಂದಿನ ಪರ್ಜ್ ಗುಂಡಿ (ಗಾಳಿ ಬಿಡುವ ಗುಂಡಿ) ಒತ್ತಬೇಡಿ, ನೀರು ಹೋಸ್ ಒಳಗೆ ಹೋಗ್ತದೆ. ಮಾಸ್ಕನ್ನು ಕಪ್ಪು ಬೂಟ್ ಜೊತೆ ಒಂದೇ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಪಾರದರ್ಶಕ ಸಿಲಿಕೋನ್‌ಗೆ ಕಲೆ ಹತ್ತಿದರೆ ಹೋಗುವುದಿಲ್ಲ. ಪೂರ್ತಿ ಒಣಗಿಸಿ, ಅದರದೇ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.